ಅಂಗೈ ಕೆಳಗಿನ ಕೈ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಇವರನ್ನು ಕಮೋಡ್ ಕುರ್ಚಿಯಿಂದ ಎಬ್ಬಿಸುವಾಗ ಸೊಂಟ ಹಿಡಿದುಕೊಂಡಿತು. ಹಿಡಿದುಕೊಂಡಿತು ಅನ್ನುವುದು ಸರಿಯಾದ ಮಾತಲ್ಲ, ಹಿಡಿತವೇ ತಪ್ಪಿತು. ಒಂದು ಕ್ಷಣ ಬೆನ್ನಿನ ಕೆಳಭಾಗವೇ ಇಲ್ಲವೇನೋ ಅನ್ನಿಸಿತು. ನೋವು ಬಂದದ್ದು ಆಮೇಲೆ. ಇವರನ್ನು ಬೀಳಿಸಲಿಲ್ಲ. ಹೇಗೋ ಮಂಚದ ಮೇಲೆ ಕೂರಿಸಿ, ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ, ಅಡುಗೆಮನೆಗೆ ಹೋಗಿ ಕಟ್ಟೆ ಹಿಡಿದು ನಿಂತೆ.

ಇದನ್ನು ಯಾರಿಗೂ ಹೇಳುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಕೊಟ್ಟ ಡೈರಿ ಖಾಲಿಯೇ ಬಿದ್ದಿತ್ತು.

ಇವರಿಗೆ ಸ್ಟ್ರೋಕ್ ಆದದ್ದು ನವೆಂಬರಿನಲ್ಲಿ, ಭದ್ರಾವತಿಯ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತಿದ್ದಾಗ. ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲುತ್ತದೆ, ಆದರೆ ಬುದ್ಧಿ ಎಲ್ಲೂ ಮಸುಕಾಗಿಲ್ಲ. ನಮಗೆ ಮಕ್ಕಳಿಲ್ಲ. ವಿನೋಬನಗರದ ಈ ಮನೆಯಲ್ಲಿ ಇರುವವರು ನಾವಿಬ್ಬರೇ. ನನ್ನ ರಜೆ ಮೇ ಕೊನೆಯವರೆಗೆ. ಶಾಲೆ ತೆರೆದ ದಿನ ಹತ್ತನೇ ತರಗತಿಗೆ ಗಣಿತ ಹೇಳಲು ನಾನು ನಿಂತಿರಬೇಕು.

ಇವರ ಅಣ್ಣ ಚಂದ್ರಶೇಖರಪ್ಪ ಭಾವ ಭದ್ರಾವತಿಯ ಜನ್ನಾಪುರದಲ್ಲಿದ್ದಾರೆ. ಬಂದಾಗಲೆಲ್ಲ ಹೇಳುವುದು ಒಂದೇ ಮಾತು: "ಸುಮನಾ, ಕೈಲಿ ಆಗಲ್ಲ ಅನ್ನಿಸಿದ ದಿನ ಒಂದು ಫೋನ್ ಮಾಡು. ಬಂದು ಕರ್ಕೊಂಡು ಹೋಗ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನನಗೆ ಹೆದರಿಕೆ ಅದೇ. ನಮ್ಮ ಅತ್ತೆಯನ್ನೂ ಹೀಗೇ ಕರೆದುಕೊಂಡು ಹೋಗಿ ಆ ಮನೆಯ ಮುಂಗೋಣೆಯಲ್ಲಿ ಮಲಗಿಸಿದರು. ಒಂದು ಲೋಟ ನೀರಿಗೂ ಅವರು ಕೈ ಚಾಚಬೇಕಾಗಿರಲಿಲ್ಲ. ಅವರು ಮತ್ತೆ ಎದ್ದು ನಿಂತದ್ದನ್ನು ನಾನು ನೋಡಲಿಲ್ಲ.

ನನ್ನ ಬೆನ್ನಿನ ವಿಷಯ ಇವರಿಗೆ ಗೊತ್ತಾದರೆ ತಾವೇ ಹೊರಡುತ್ತೇನೆ ಅನ್ನುತ್ತಾರೆ.

ಮಾರ್ಚ್ 7, ಶುಕ್ರವಾರ

ಬ್ಯಾಂಕಿಗೆ ಹೋಗಿಬರುತ್ತೇನೆಂದು ಹೇಳಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದೆ. ಅಷ್ಟು ಹೊತ್ತು ಎದುರುಮನೆಯ ನಸರುಲ್ಲಾ ಇವರ ಹತ್ತಿರ ಕುಳಿತಿದ್ದರು. ಸ್ವಂತ ಆಟೋ ಓಡಿಸುವವರು, ಮಧ್ಯಾಹ್ನದ ಬಾಡಿಗೆ ಬಿಟ್ಟು ಕೂತಿದ್ದರು.

ಡಾಕ್ಟರು ರಿಪೋರ್ಟ್ ನೋಡಿ, "ಡಿಸ್ಕ್ ಚೆನ್ನಾಗಿದೆ, ನರ ಎಲ್ಲೂ ಒತ್ತಿಲ್ಲ. ಆಪರೇಷನ್ ಮಾತೇ ಇಲ್ಲ" ಎಂದರು. ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಏನೂ ಇಲ್ಲದಿದ್ದರೆ ಈ ನೋವು ಎಲ್ಲಿಂದ ಬಂತು? ಕೇಳಿದ್ದಕ್ಕೆ ರಿಪೋರ್ಟಿನ ಕೊನೆಯ ಸಾಲು ತೋರಿಸಿದರು. ಬೆನ್ನುಮೂಳೆಗೆ ಅಂಟಿಕೊಂಡಿರುವ ಒಳಗಿನ ಸ್ನಾಯುಗಳು ಸೊರಗಿವೆ, ಅವುಗಳ ಜಾಗದಲ್ಲಿ ಕೊಬ್ಬು ತುಂಬಿದೆ. ಫಿಸಿಯೋಥೆರಪಿಗೆ ಬರೆದುಕೊಟ್ಟರು. ಭಾರ ಎತ್ತಬೇಡಿ ಎಂದರು. ಇವರು ಎಪ್ಪತ್ತು ಕಿಲೋ ಇದ್ದಾರೆ ಎಂದು ನಾನು ಹೇಳಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಸೊಂಟದ ಬೆಲ್ಟ್ ತಗೊಂಡೆ. ಸೀರೆಯೊಳಗೆ ಬಿಗಿದುಕೊಂಡರೆ ಹೊರಗೆ ಕಾಣುವುದಿಲ್ಲ.

ಮಾರ್ಚ್ 11, ಮಂಗಳವಾರ

ಫಿಸಿಯೋಥೆರಪಿಯ ಹುಡುಗಿಯ ಹೆಸರು ಇರಂ. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ರಂಜಾನ್ ಉಪವಾಸ, ತುಟಿ ಒಣಗಿತ್ತು, ಆದರೂ ಬಿಡದೆ ಮಾತಾಡಿದಳು.

ಬೋರಲು ಮಲಗಿಸಿ, ಬೆನ್ನುಮೂಳೆಯ ಪಕ್ಕಕ್ಕೆ ಹೆಬ್ಬೆರಳು ಇಟ್ಟು, "ಆಂಟಿ, ನನ್ನ ಬೆರಳಿನ ಕೆಳಗೆ ಮೆಲ್ಲಗೆ ಉಬ್ಬಿಸಿ" ಎಂದಳು.

"ಏನನ್ನ ಉಬ್ಬಿಸೋದು?"

"ಅಲ್ಲೊಂದು ಸ್ನಾಯು ಇದೆ."

"ನನಗೇನೂ ಸಿಕ್ತಿಲ್ಲಮ್ಮ."

"ಸಿಗಲ್ಲ. ಅದು ಮಲಗಿಬಿಟ್ಟಿದೆ. ಉಸಿರು ಕಟ್ಟಬೇಡಿ, ಪಾಠ ಮಾಡ್ತಾ ಇದ್ದೀನಿ ಅಂದ್ಕೊಳ್ಳಿ."

ನೋವು ಬಂದಾಗ ಮೇಲಿನ ದೊಡ್ಡ ಸ್ನಾಯುಗಳು ಎಲ್ಲ ಕೆಲಸವನ್ನೂ ತಮ್ಮ ಮೇಲೆ ಎಳೆದುಕೊಳ್ಳುತ್ತವಂತೆ. ಒಳಗಿನ ಸಣ್ಣವಕ್ಕೆ ಕೆಲಸವೇ ಉಳಿಯುವುದಿಲ್ಲ. "ಮನೇಲಿ ಒಬ್ಬರೇ ಎಲ್ಲ ಮಾಡ್ತಿದ್ರೆ ಉಳಿದವರು ಏಳೋದೇ ಮರೀತಾರಲ್ಲ, ಹಾಗೇ ಇದು" ಎಂದು ನಕ್ಕಳು. ಬೆಲ್ಟನ್ನೂ ಸದಾ ಹಾಕಬಾರದಂತೆ, ಹಾಕಿದರೆ ಅವು ಇನ್ನೂ ಮಲಗುತ್ತವಂತೆ. ಅವಳಿಗೇನು ಹೇಳುವುದಕ್ಕೆ? ಬೆಳಿಗ್ಗೆ ಇವರನ್ನು ಎಬ್ಬಿಸುವವಳು ಅವಳಲ್ಲ.

ಬಗ್ಗುವ, ಎತ್ತುವ ಮನೆಗೆಲಸ ಯಾವ್ಯಾವುದಿದೆ ಎಂದು ಕೇಳಿದಳು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ನೀರಿನ ಬಕೆಟ್, ಒಗೆದ ಬೆಡ್‌ಶೀಟು, ಎಲ್ಲವನ್ನೂ ಹೇಳಿದೆ.

ಮಾರ್ಚ್ 15, ಶನಿವಾರ

ನೋವು. ಬೆಲ್ಟಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ.

ಮಾರ್ಚ್ 22, ಶನಿವಾರ

ಹೆದರುತ್ತಿದ್ದದ್ದು ಆಗಿಹೋಯಿತು. ಸ್ನಾನ ಮಾಡಿಸಿ ಕರೆತರುವಾಗ ನನ್ನ ಬೆನ್ನು ಕೈಕೊಟ್ಟಿತು. ಇಬ್ಬರೂ ಗೋಡೆಗೆ ಜಾರಿ ಬಚ್ಚಲ ಬಾಗಿಲಲ್ಲಿ ಕುಳಿತುಬಿಟ್ಟೆವು. ಪೆಟ್ಟು ಬೀಳಲಿಲ್ಲ. ಇವರು ನನ್ನ ಮೇಲೆ ಒರಗಿದ್ದರು, ನನಗೆ ಏಳಲಾಗಲಿಲ್ಲ. ನಸರುಲ್ಲಾ ಅವರನ್ನು ಕೂಗಿದೆ. ಬರುವವರೆಗೆ ಹಾಗೇ ಕುಳಿತಿದ್ದೆವು.

ಇವರ ಬಲಗೈ ನನ್ನ ಸೊಂಟಕ್ಕೆ ತಗುಲಿತು. ಬೆಲ್ಟಿನ ಮೇಲೆ ಬೆರಳಾಡಿಸಿ, "ಏ... ಏನಿದು?" ಎಂದರು.

"ಈಗಿನ ಫ್ಯಾಷನ್. ನಿಮಗೆಲ್ಲಿ ಗೊತ್ತಾಗುತ್ತೆ."

ಇವರು ನಗಲಿಲ್ಲ.

ನಸರುಲ್ಲಾ ಬಂದವರೇ ಇವರ ಕಂಕುಳಿಗೆ ಕೈಹಾಕಿ, "ಏನ್ ಮಲ್ಲೇಶಣ್ಣ, ಟೀಚರಮ್ಮನ್ನ ಕೆಡವಿದ್ರಾ? ಕುಸ್ತಿ ನೋಡೋಕೆ ನನ್ನನ್ನೂ ಕರೀಬೇಕು ತಾನೇ?" ಎಂದರು. ನಾನು ನಕ್ಕೆ.

ಮಾರ್ಚ್ 24, ಸೋಮವಾರ

ಭಾವನಿಗೆ ಸುದ್ದಿ ಹೇಗೆ ಮುಟ್ಟಿತೋ. ಅಕ್ಕನನ್ನೂ ಕರೆದುಕೊಂಡು ಬಂದರು. ಭಾವನ ಹೆಂಡತಿ ಬಸವರಾಜೇಶ್ವರಿ, ನಾನು ಅಕ್ಕ ಎಂದೇ ಕರೆಯುವುದು.

"ಏನೇ ಸುಮನಾ, ನಿನ್ನ ಗಂಡ ಏನು ತುಂಬಿದ ಕೊಡವಾ, ಸೊಂಟದ ಮೇಲಿಟ್ಕೊಂಡು ಓಡಾಡೋಕೆ? ನೀನೂ ಮಲಗಿದ್ರೆ ನಿಮ್ಮಿಬ್ಬರಿಗೂ ನಾನೇ ಗಂಜಿ ಹುಯ್ಯಬೇಕು ಮಾರಾಯ್ತಿ."

ಭಾವ ಮುಂಗೋಣೆಗೆ ಆಸ್ಪತ್ರೆಯ ಮಂಚ ತರಿಸಿದ್ದಾರೆ. ಹಗಲೂ ರಾತ್ರಿ ನೋಡಿಕೊಳ್ಳಲು ಜಂಬಣ್ಣ ಎಂಬವನನ್ನು ಗೊತ್ತು ಮಾಡಿದ್ದಾರೆ. ಬಸವ ಜಯಂತಿಯ ದಿನ ಬಂದು ಕರೆದುಕೊಂಡು ಹೋಗುತ್ತಾರಂತೆ. ನಾನು ಶಾಲೆಗೆ ಹೋಗಬೇಕಂತೆ, ಭಾನುವಾರ ಬಂದು ನೋಡಬಹುದಂತೆ.

ನಾನು ಬಾಯಿ ತೆರೆಯುವುದರೊಳಗೆ ಇವರು, "ಹೋಗ್ತೀನಿ" ಎಂದರು. ಒಮ್ಮೆಯೂ ತೊದಲಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಬೆಲ್ಟ್ ನೋಡಿದ್ದಕ್ಕೇ ಹೇಳಿದ್ದು. ನನಗೆ ಗೊತ್ತು.

ಮಾರ್ಚ್ 29, ಶನಿವಾರ

ನಾಳೆ ಯುಗಾದಿ. ಮಾವಿನ ಸೊಪ್ಪು ನಸರುಲ್ಲಾ ತಂದುಕೊಟ್ಟರು. ಕಟ್ಟಲು ಕೈ ಮೇಲೆತ್ತಿದಾಗ ಬೆನ್ನು ಸೆಳೆಯಿತು. ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಿಟ್ಟೆ.

ಏಪ್ರಿಲ್ 2, ಬುಧವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಮಂಚ, ಕುರ್ಚಿಗಳ ಎತ್ತರ ನೋಡಲು ಇರಂ ಮನೆಗೇ ಬಂದಳು. ಹತ್ತು ಗಂಟೆಗೆ ಬರುತ್ತೇನೆ ಎಂದವಳು ಎಂಟಕ್ಕೇ ಬಂದಳು, ಕೈಯಲ್ಲಿ ಹಬ್ಬದ ಶೀರ್ ಕುರ್ಮಾದ ಡಬ್ಬಿ. ನಾವು ಪೂಜೆಯಲ್ಲಿದ್ದೆವು.

ಇವರು ಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಲಿಂಗ ಇರಬೇಕಾದದ್ದು ಎಡ ಅಂಗೈಯಲ್ಲಿ, ಎದೆಯ ಮಟ್ಟದಲ್ಲಿ. ಬಲಗೈಯಿಂದ ವಿಭೂತಿ, ಪತ್ರೆ, ಹೂ ಏರಿಸುತ್ತಾರೆ. ಎಡಗೈ ಬಿದ್ದುಹೋದ ಮೇಲೆ ಆಸ್ಪತ್ರೆಯಿಂದ ಬಂದ ಮೊದಲ ದಿನವೇ ಇವರು ನನ್ನ ಮುಖ ನೋಡಿದರು. ನಾನು ಅಂಗೈ ಕೆಳಗೆ ನನ್ನ ಕೈ ಕೊಟ್ಟೆ. ಅಂದಿನಿಂದ ಹಾಗೇ ನಡೆದಿದೆ. ಇವರು ಮಂಚದ ಅಂಚಿನಲ್ಲಿ ಕೂರುತ್ತಾರೆ. ಪಕ್ಕದಲ್ಲಿ ನಾನೂ ಕೂತರೆ ಹಾಸಿಗೆ ತಗ್ಗಿ ಇವರು ವಾಲುತ್ತಾರೆ. ಅದಕ್ಕೆ ನಿಂತು, ಬಗ್ಗಿ ಹಿಡಿಯುತ್ತೇನೆ.

ಇರಂ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಹೊಸ್ತಿಲ ಆಚೆಯೇ ನಿಂತಿದ್ದಳು. ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿದ ಮೇಲೆ ಒಳಗೆ ಕರೆದೆ.

"ಆಂಟಿ, ಇದು ದಿನಾ ಇರುತ್ತಾ?"

"ದಿನಾ ಇಲ್ದೆ? ಪೂಜೆ ಅಲ್ವಾ?"

"ಎಷ್ಟು ಹೊತ್ತು?"

"ಇವರದು ಸ್ವಲ್ಪ ನಿಧಾನ. ಅರ್ಧ ಗಂಟೆ."

"ಅರ್ಧ ಗಂಟೆ ಬಗ್ಗಿಕೊಂಡು, ಇನ್ನೊಬ್ಬರ ಕೈ ಹೊತ್ಕೊಂಡು!" ಅವಳು ಡಬ್ಬಿಯನ್ನು ಟೇಬಲ್ ಮೇಲಿಟ್ಟಳು. "ಅವತ್ತು ಬಕೆಟ್ಟು, ಬೆಡ್‌ಶೀಟು ಎಲ್ಲ ಹೇಳಿದ್ರಿ. ಇದನ್ನ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದು ಕೆಲಸ. ಇದು ಕೆಲಸ ಅಲ್ವಲ್ಲಮ್ಮ."

ಅವಳು, "ನಿಲ್ಲಿಸಿ ಅಂತ ನಾನು ಹೇಳೋ ಹಾಗಿಲ್ಲ. ಆದ್ರೆ ಅಂಕಲ್ ಮೊಣಕೈಗೆ ಏನಾದ್ರೂ ಆಸರೆ ಕೊಟ್ಟು ನೀವು ಎದುರಿಗೆ ಕೂರೋ ಹಾಗಿದ್ರೆ ನೋಡಿ. ಇಲ್ದಿದ್ರೆ ನಾನು ಎಷ್ಟು ಎಕ್ಸರ್‌ಸೈಜ್ ಕೊಟ್ಟರೂ ದಿನಾ ಬೆಳಿಗ್ಗೆ ನೀವು ಅದನ್ನ ಅಳಿಸಿಹಾಕ್ತೀರಿ" ಎಂದಳು.

ಲಿಂಗ ಜಾರಿದರೆ? ನಮ್ಮಲ್ಲಿ ಅದು ಕೈತಪ್ಪುವುದೆಂದರೆ ಬಾಯಿಬಿಟ್ಟು ಆಡುವ ಮಾತಲ್ಲ. ಅತ್ತೆ ಅದನ್ನು ಜೀವ ಹೋದದ್ದಕ್ಕೆ ಸಮ ಎನ್ನುತ್ತಿದ್ದರು. ಇವಳಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ.

ಇವರು ಮಂಚದಿಂದಲೇ, "ಮ... ಮಣೆ" ಎಂದರು.

ಊಟದ ಮಣೆ. ಅದನ್ನು ಕೈಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಾಕಿ, ಕುರ್ಚಿಯನ್ನು ಮಂಚದ ಮುಂದಕ್ಕೆ ಎಳೆದು ನೋಡಿದೆವು. ಮಡಿವಸ್ತ್ರ ಹಾಸಿದರೆ ಮೊಣಕೈ ಊರಲು ಸರಿಯಾದ ಎತ್ತರ. ಲೇತಿನವರ ಕಣ್ಣಳತೆ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಇನ್ನು ಬೆನ್ನಿನ ವಿಷಯ ಮುಚ್ಚಿಡುವ ಹಾಗಿಲ್ಲ.

ಏಪ್ರಿಲ್ 6, ಭಾನುವಾರ

ಮಣೆಯ ಪೂಜೆ. ನಾನು ಎದುರು ಸ್ಟೂಲಿನಲ್ಲಿ ಕೂರುತ್ತೇನೆ. ಮೊಣಕೈ ಮಣೆಯ ಮೇಲೆ ನಿಂತರೂ ಅಂಗೈ ಹೊರಳುತ್ತದೆ, ಅದಕ್ಕೆ ಕೆಳಗೆ ನನ್ನ ಕೈ ಕೊಟ್ಟೇ ಇರುತ್ತೇನೆ. ಇವರ ಬೆರಳುಗಳು ನನ್ನ ಕೈಯನ್ನು ಒತ್ತುತ್ತವೆ. ಮೊದಲು ಬರೀ ಭಾರವಿತ್ತು, ಈಗ ತಳ್ಳಿದ ಹಾಗಿರುತ್ತದೆ. ಸೆಟೆದುಕೊಳ್ಳುತ್ತಿರಬೇಕು. ಅದೊಂದು ಹೊಸ ಚಿಂತೆ. ಡಾಕ್ಟರನ್ನು ಕೇಳಬೇಕು.

ಏಪ್ರಿಲ್ 12, ಶನಿವಾರ

ಕೋಣೆ ನೋಡಲು ಭದ್ರಾವತಿಗೆ ಹೋಗಿದ್ದೆವು. ನಸರುಲ್ಲಾ ಪರಿಚಯದವರ ಓಮ್ನಿ ತಂದಿದ್ದರು.

ಕೋಣೆಗೆ ಹೊಸ ಸುಣ್ಣ, ಹೊಸ ಫ್ಯಾನ್. ಮಂಚಕ್ಕೆ ಎರಡೂ ಕಡೆ ಕಂಬಿ. ಅಕ್ಕ ಹ್ಯಾಂಡಲ್ ತಿರುಗಿಸಿ ತೋರಿಸಿದರು, ತಲೆಯ ಕಡೆ ತಾನಾಗಿ ಮೇಲೇಳುತ್ತದೆ. "ಬೆನ್ನು ಬಗ್ಗಿಸೋದೇ ಬೇಡ ಮಲ್ಲೇಶಿ. ರಾಜನ ಹಾಗೆ ಇರಬಹುದು."

ಜಂಬಣ್ಣ ಗಟ್ಟಿ ಆಳು. ಇವರನ್ನು ಎರಡು ಕೈಯಲ್ಲಿ ಎತ್ತಿ ಮಂಚಕ್ಕೆ ಹಾಕಿ, "ಸಾರ್ ಹಗುರ ಇದಾರೆ ಬಿಡಿ" ಎಂದ. ಇವರ ಕಾಲು ನೆಲ ಮುಟ್ಟಲೇ ಇಲ್ಲ. ಇವರು ಚಾವಣಿ ನೋಡುತ್ತ ಮಲಗಿದ್ದರು. ಅತ್ತೆ ಮಲಗಿದ್ದ ಅದೇ ಜಾಗ, ಅದೇ ಕಿಟಕಿ. ನನಗೆ ಹೊರಗೆ ಬರಬೇಕೆನ್ನಿಸಿತು.

ವಾಪಸು ಬಂದ ಮೇಲೆ ಒಂದು ಕಿರಿಕಿರಿ. ಮನೆಯ ಮುಂದೆ ನಸರುಲ್ಲಾ ಎತ್ತಲು ಹೋದರೆ ಇವರು ಅವರ ಕೈಯನ್ನು ಸರಿಸಿ, "ತಾಳು" ಎಂದರು. ಕಾಲನ್ನು ಕೈಯಿಂದ ಎತ್ತಿ ಹೊರಗಿಟ್ಟು, ಬಾಗಿಲು ಹಿಡಿದು, ಕೂತು, ಮತ್ತೆ ಎದ್ದು. ಹಿಂದೆ ಹಾಲಿನ ವ್ಯಾನಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ನಾಚಿಕೆಯಾಯಿತು. ಬಿಸಿಲಿನಲ್ಲಿ ಅಷ್ಟು ಹೊತ್ತು ನಿಲ್ಲಿಸಿದ್ದಕ್ಕೆ ಗದರಿದೆ.

ಏಪ್ರಿಲ್ 19, ಶನಿವಾರ

ಇರಂ ಹೊಸ ಎಕ್ಸರ್‌ಸೈಜ್ ಕೊಟ್ಟಿದ್ದಾಳೆ. ಅಂಗೈ, ಮಂಡಿ ಊರಿ ನಿಂತು ಒಂದು ಕೈಯನ್ನೂ ಎದುರು ಕಡೆಯ ಕಾಲನ್ನೂ ನೀಟಾಗಿ ಚಾಚಬೇಕು. ಹತ್ತು ಎಣಿಸುವವರೆಗೆ ಅಲುಗಾಡಬಾರದು. ನಾಲ್ಕು ದಿನದ ಹಿಂದೆ ನೈಟಿಯಲ್ಲಿ ಕೋಣೆಯ ನೆಲದ ಮೇಲೆ ಮಾಡುತ್ತಿದ್ದೆ. ಮಂಚದಿಂದ ಏನೋ ಸದ್ದು ಬಂತು. ಉಬ್ಬಸವೇನೋ ಎಂದು ಹೆದರಿ ನೋಡಿದರೆ ಇವರು ನಗುತ್ತಿದ್ದಾರೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಕಣ್ಣಲ್ಲಿ ನೀರು.

"ಹ... ಹಸು. ಹಾಲು ಎಷ್ಟು?"

"ನಗಿ ನಗಿ. ಎಣಿಸೋರಿಲ್ಲ ಇಲ್ಲಿ, ನಗೋದೊಂದು ಬಾಕಿ."

ಅಂದಿನಿಂದ ಎಣಿಸುವುದು ಇವರ ಪಾಲಿಗೆ ಬಂದಿದೆ. ಆರರ ನಂತರ ಏಳು ಬರುವುದಕ್ಕೆ ಒದ್ದಾಡುತ್ತಾರೆ. ಏಳು ಬರುವವರೆಗೆ ನಾನು ಕಾಲು ಚಾಚಿಕೊಂಡೇ ಇರಬೇಕು. ಬೇಕೆಂದೇ ತಡ ಮಾಡುತ್ತಾರೋ ಎಂದು ನನಗೆ ಅನುಮಾನ.

ಬಸವ ಜಯಂತಿ ಹತ್ತಿರ ಬಂತು. ಮಧ್ಯಾಹ್ನ ಮಲಗಿದರೆ ಆ ಕಂಬಿಗಳ ಮಂಚವೇ ಕಣ್ಣಮುಂದೆ ಬರುತ್ತದೆ. ಭಾವನಿಗೆ ಬೇಡ ಎಂದು ಹೇಳಲು ನನ್ನ ಹತ್ತಿರ ಕಾರಣವೇನಿದೆ? ಜೂನ್‌ನಲ್ಲಿ ಹಗಲು ಯಾರಿರುತ್ತಾರೆ? ಮತ್ತೊಮ್ಮೆ ಬಿದ್ದರೆ? ಹೋಗುತ್ತೇನೆ ಎಂದವರು ಇವರೇ. ಅದನ್ನು ಇಬ್ಬರೂ ಮತ್ತೆ ಎತ್ತಿಲ್ಲ.

ಏಪ್ರಿಲ್ 27, ಭಾನುವಾರ

ಬಟ್ಟೆ ಜೋಡಿಸಿದೆ. ಪಂಚೆ, ಬನಿಯನ್, ಮಾತ್ರೆಯ ಡಬ್ಬಿ, ವಿಭೂತಿ ಗಟ್ಟಿ. ಮಣೆ ಕಳಿಸಬೇಕೋ ಬೇಡವೋ ತಿಳಿಯಲಿಲ್ಲ. ಜಂಬಣ್ಣನಿಗೆ ಪೂಜೆಯ ವಿಷಯ ಯಾರು ಹೇಳಬೇಕು? ಅಂಗೈ ಹೊರಳಿದರೆ ಅವನು ಹಿಡಿಯುತ್ತಾನೆಯೇ?

ಇವರ ಹಾಸಿಗೆ, ಕಂಬಳಿ ಸುತ್ತಿದೆ. ಇನ್ನು ಮೂರು ರಾತ್ರಿಗೆ ನನ್ನ ಹಾಸಿಗೆಯಾದೀತು. ಕಟ್ಟಲು ಹಗ್ಗ ಸಿಗಲಿಲ್ಲ. ಬೀರುವಿನಲ್ಲಿ ನನ್ನ ಸೊಂಟದ ಬೆಲ್ಟ್ ಬಿದ್ದಿತ್ತು, ಅದನ್ನೇ ಸುತ್ತಿ ಬಿಗಿದೆ. ಸರಿಯಾಗಿ ಕೂತಿತು.

ಇವರು ಅದನ್ನೇ ನೋಡುತ್ತಿದ್ದರು.

ಏಪ್ರಿಲ್ 30, ಬುಧವಾರ. ಬಸವ ಜಯಂತಿ

ಬೆಳಿಗ್ಗೆ ಎಕ್ಸರ್‌ಸೈಜನ್ನು ಹಾಲ್‌ನಲ್ಲಿ ಮಾಡಿದೆ. ಕೋಣೆಯಲ್ಲಿ ಆ ಗಂಟು ಇತ್ತು, ನೋಡಲಾಗಲಿಲ್ಲ. ಬಾಗಿಲು ತೆರೆದೇ ಇತ್ತು, ಇವರು ಒಳಗಿನಿಂದ ಎಣಿಸುತ್ತಿದ್ದರು. ಆರಕ್ಕೆ ನಿಂತಿತು. ಏಳಕ್ಕೆ ಕಾದೆ. ಬರಲೇ ಇಲ್ಲ.

ಎದ್ದು ಓಡಿದೆ.

ಇವರು ಮಂಚದ ಅಂಚಿನಲ್ಲಿ ಕುಳಿತಿದ್ದರು. ಮಲಗಿಸಿ ಬಂದದ್ದು ನಾನೇ. ಮಣೆ ಹಾಕಿದ ಕುರ್ಚಿಯನ್ನು ಬಲಗೈಯಿಂದ ಎಳೆದುಕೊಂಡಿದ್ದಾರೆ. ಕರಡಿಗೆ ತೆರೆದಿದೆ. ಎಡ ಅಂಗೈಯಲ್ಲಿ ಲಿಂಗವಿದೆ, ಕೈ ಗಡಗಡ ನಡುಗುತ್ತಿದೆ. ಹತ್ತಿರ ಹೋಗಿ ಕೈ ಚಾಚಿದೆ.

"ಬೇಡ. ಕೂತ್ಕೋ" ಎಂದರು.

ನಿಲ್ಲಲೂ ಆಗಲಿಲ್ಲ, ಹಿಡಿಯಲೂ ಬಿಡಲಿಲ್ಲ. ಮಂಚದ ತಲೆಕಡೆ ಒಗೆದು ಮಡಿಸಿಟ್ಟಿದ್ದ ಹಳೆಯ ಸೀರೆಯನ್ನು ಎರಡೂ ಕೈಯಲ್ಲಿ ಬಿಡಿಸಿ, ಇವರ ಕೈಯ ನೇರ ಕೆಳಗೆ ಹಿಡಿದು, ನೆಲದ ಮೇಲೆ ಕುಳಿತೆ. ಬೀಳುವುದಾದರೆ ಇದರಲ್ಲಿ ಬೀಳಲಿ. ಪೂಜೆ ಮುಗಿಯುವವರೆಗೆ ಉಸಿರಾಡಿದ ನೆನಪಿಲ್ಲ. ಇವರು ಅವಸರ ಮಾಡಲಿಲ್ಲ. ವಿಭೂತಿ, ಪತ್ರೆ, ಹೂ, ಎಂದಿನ ಕ್ರಮದಲ್ಲೇ. ಬೆರಳುಗಳು ಬಿಳಿಚಿಕೊಂಡಿದ್ದವು, ಬಿಚ್ಚಲಿಲ್ಲ. ಲಿಂಗ ಮತ್ತೆ ಕರಡಿಗೆ ಸೇರಿದ ಮೇಲೆ ಕೈ ಮಣೆಯ ಮೇಲೆ ತೊಪ್ಪನೆ ಬಿತ್ತು.

"ಏ... ಏಳು" ಎಂದರು. ನನ್ನನ್ನು ಏಳು ಎನ್ನುತ್ತಿದ್ದಾರೆ ಎಂದುಕೊಂಡೆ. ಆಮೇಲೆ "ಎಂಟು" ಎಂದರು.

ಹನ್ನೊಂದಕ್ಕೆ ಭಾವ, ಅಕ್ಕ, ಜಂಬಣ್ಣ ಕಾರಿನಲ್ಲಿ ಬಂದರು. ಜಂಬಣ್ಣ ಗಂಟು ಎತ್ತಿಕೊಂಡ. ಭಾವ, "ಹೊರಡೋಣೇನೋ ಮಲ್ಲೇಶಿ?" ಎಂದರು.

"ಊಟ... ಮಾಡ್ಕೊಂಡು ಹೋಗಣ್ಣ."

"ನೀನು?"

"ನಾನು ಇಲ್ಲೇ ಊಟ. ನಾ... ನಾಳೆನೂ."

ಭಾವ ನನ್ನ ಕಡೆ ತಿರುಗಿ, "ನಿನ್ನ ಬೆನ್ನು ಹೇಗಿದೆಯಮ್ಮ? ನಿಜ ಹೇಳು" ಎಂದರು.

"ನೋವಿದೆ ಭಾವ. ಎತ್ತೋಕೆ ಆಗಲ್ಲ" ಎಂದೆ. ಹೇಳಿಬಿಟ್ಟೆನಲ್ಲ ಎಂದು ಗಾಬರಿಯಾಯಿತು. ಎಲ್ಲ ಮುಗಿಯಿತು ಎಂದುಕೊಂಡೆ.

"ಎತ್ತೋದು ಬೇಡ" ಎಂದರು ಇವರು. ಮಂಚದ ಕಂಬ ಹಿಡಿದು, ಸೊಂಟ ಮುಂದಕ್ಕೆ ತಂದು, ಎದ್ದು ನಿಂತರು. ಜಂಬಣ್ಣ ಗಂಟು ಬಿಟ್ಟು ಓಡಿಬಂದ. ಇವರು ಅವನಿಗೂ "ತಾಳು" ಎಂದರು. "ಪಕ್ಕ ನಿಂತಿರು, ಸಾಕು."

ಬಹಳ ಹೊತ್ತಲ್ಲ. ಮತ್ತೆ ಕುಳಿತರು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕ ಮಾತ್ರ, "ಅಯ್ಯೋ, ಅಷ್ಟು ದೊಡ್ಡ ಮಂಚ ತರಿಸಿದ್ದೀವಲ್ಲೋ! ಇನ್ನು ಇವರನ್ನೇ ಅದರಲ್ಲಿ ಮಲಗಿಸಿ ಹ್ಯಾಂಡಲ್ ತಿರುಗಿಸ್ತೀನಿ, ಬೆಳಿಗ್ಗೆ ಬೇಗ ಏಳ್ತಾರೆ" ಎಂದು ಭಾವನ ಕಡೆ ತೋರಿಸಿದರು.

ಹೋಳಿಗೆ ಊಟವಾಯಿತು. ಜೂನ್‌ನಿಂದ ಶಾಲೆಯ ಹೊತ್ತಿಗೆ ಜಂಬಣ್ಣ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದುಹೋಗುವುದು ಎಂದಾಯಿತು. ಅವನು ದಿನವೂ ಬರುತ್ತಾನೋ ಇಲ್ಲವೋ. ಬಂದರೂ ಮರೆತು ಎತ್ತಿಬಿಟ್ಟರೆ? ಇರಂಗೆ ಹೇಳಿ ಅವನಿಗೂ ಪಾಠ ಮಾಡಿಸಬೇಕು.

ಅವರು ಹೋದ ಮೇಲೆ ಗಂಟು ಬಿಚ್ಚಿ ಹಾಸಿಗೆ ಹಾಸಿದೆ. ಬೆಳಿಗ್ಗೆ ಹಿಡಿದಿದ್ದ ಸೀರೆ ಕುರ್ಚಿಯ ಮೇಲೆ ಮುದುಡಿ ಬಿದ್ದಿತ್ತು. ಒಗೆಯಲು ಹಾಕೋಣ ಎಂದು ಬಿಡಿಸಿ ನೋಡಿದೆ. ಬಿದ್ದದ್ದು ಒಂದು ಚಿಟಿಕೆ ವಿಭೂತಿ, ಒಂದು ಪತ್ರೆ. ಅಷ್ಟೇ.

ಒಗೆಯಲು ಹಾಕಲಿಲ್ಲ. ಮಡಿಸಿ ಮಣೆಯ ಪಕ್ಕ ಇಟ್ಟಿದ್ದೇನೆ. ನಾಳೆಗೂ ಬೇಕು.